ಹೆಬ್ಬೆಟ್ಟಿಗಿಂತ ಮೊದಲು ಓದಿ ಹೇಳುವ ಗನಿಸಾಬ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳಿಯಾಳದ ಕಚೇರಿ ಎದುರಿನ ಅಂಗಡಿ ಕಟ್ಟೆಯ ಮೇಲೆ ಗನಿಸಾಬರು ಚಾಪೆ ಹಾಸಿ, ಮಸಿ ದೌತಿಯ ಮುಚ್ಚಳ ತೆಗೆದು ಕೂತಿದ್ದಾರೆ. ಅರ್ಜಿ ಬರೆಯುವುದು ಅವರ ಕಸುಬು. ಕಾಶೆವ್ವನೆಂಬ ಮುದುಕಿ ಬರೆದಾದ ಅರ್ಜಿಗೆ ಹೆಬ್ಬೆಟ್ಟು ಒತ್ತಲು ಕೈ ಚಾಚುತ್ತಾಳೆ. ಗನಿಸಾಬರು ಕಾಗದವನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

"ತಡಿ ಯವ್ವಾ. ಇದರಾಗ ಏನ್ ಬರದೈತಿ, ನೀ ನನಗ ಹೇಳು."

"ಬರದಾಂವ ನೀನು, ನಾ ಏನ್ ಹೇಳ್ಲೊ?"

ಅವಳ ಸಿಡುಕು ನ್ಯಾಯವೇ. ಆದರೂ ಗನಿಸಾಬರು ಬಿಡುವುದಿಲ್ಲ. ಮತ್ತೊಮ್ಮೆ ಓದುತ್ತಾರೆ, ಅವಳು ತನ್ನ ಮಾತಿನಲ್ಲಿ ತಿರುಗಿ ಹೇಳುವ ತನಕ ಕಾಯುತ್ತಾರೆ. ಹೀಗಾಗಿ ದಿನಕ್ಕೆ ಏಳೆಂಟು ಅರ್ಜಿಗಳಾದರೆ ಹೆಚ್ಚು. ಆಚೆ ಕಟ್ಟೆಯವರು ಅಷ್ಟರಲ್ಲಿ ಇಪ್ಪತ್ತು ಮುಗಿಸಿ, "ಗನಿಸಾಬನ ಅರ್ಜಿ ಮುಗಿಯೂದ್ರಾಗ ಸಾಹೇಬರ ಬದ್ಲಿ ಆಗಿರ್ತೈತಿ" ಎಂದು ನಗುತ್ತಾರೆ.

ಐವತ್ತೆಂಟು ವರ್ಷದ ಈ ಮನುಷ್ಯ ಓದಿದ್ದು ನಾಲ್ಕನೇ ಇಯತ್ತೆ. ಮನೆಯಲ್ಲಿ ಉರ್ದು, ಅರ್ಜಿಯಲ್ಲಿ ಕನ್ನಡ, ಕಾಡಿನಿಂದ ಬರುವ ಸಿದ್ದಿಗಳ ಜೊತೆ ಕೊಂಕಣಿ. ಹೇಳಿಕೆ ಕಾಗದಗಳ ಕೊನೆಗೆ 'ಓದಿ ಹೇಳಿದೆ, ಕೇಳಿ ಒಪ್ಪಿಕೊಂಡರು' ಎಂಬ ಸಾಲು, ಅದರ ಕೆಳಗೆ ಬರೆದವನ ರುಜು ಇರುತ್ತದೆ. ಓದುವ ಗೋಜಿಗೇ ಹೋಗದೆ ಆ ಸಾಲನ್ನು ಗೀಚಿಬಿಡುವುದು ಕಸುಬಿನವರ ರೂಢಿ. ಗನಿಸಾಬರೂ ೧೯೩೪ರ ತನಕ ಅದನ್ನೇ ಮಾಡುತ್ತಿದ್ದರು.

ಆ ವರ್ಷ ಕಟ್ಟಿಗೆ ಗುತ್ತಿಗೆದಾರನೊಬ್ಬನ ಕೂಲಿಗಳ ಮೇಲ್ವಿಚಾರಕನಾದ ಮುಕಾದಮನು ಪೆದ್ರು ಎಂಬ ಸಿದ್ದಿ ಕೂಲಿಕಾರನನ್ನು ಕರೆತಂದು ಕಾಗದ ಬರೆಸಿದ. ಕೂಲಿಯ ಹಾಜರಿ ಕಾಗದವೆಂದು ನಂಬಿ ಪೆದ್ರು ಹೆಬ್ಬೆಟ್ಟು ಒತ್ತಿದ. ಕಳುವಾದ ಸಾಗವಾನಿ ಕಡಿದವನು ತಾನೇ ಎಂಬ ಒಪ್ಪಿಗೆ ಅದು. ಮೂರು ತಿಂಗಳು ಜೈಲಾಯಿತು.

"ಮುಕಾದಮ ಹೇಳಿದ್ದು ಬರದ್ನಿ. ಪೆದ್ರೂಗ ಗೊತ್ತೈತಿ ಅನ್ಕೊಂಡ್ನಿ, ಕೇಳಲಿಲ್ಲ. ನನ್ನ ರುಜು ನೋಡೇ ಅವಗ ಶಿಕ್ಷಾ ಆತು. ಹದಿನೈದು ವರ್ಷ ಆತ್ರಿ, ನನ್ನ ಕಂಡ್ರ ದಾರಿ ಬಿಟ್ಟು ಹೋಗ್ತಾನ."

ಇದನ್ನು ಹೇಳುವಾಗ ಅವರು, ತಮ್ಮ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನ್ನ ಮುಖ ನೋಡುವುದಿಲ್ಲ.

ಈ ಮಾತು ಮುಗಿಯುವಷ್ಟರಲ್ಲಿ ಅದೇ ಗುತ್ತಿಗೆದಾರನ ಈಗಿನ ಮುಕಾದಮ ಬರುತ್ತಾನೆ. ಹಿಂದೆ ಜುಲಿಯಾನಾ, ಪೆದ್ರುವಿನ ಹೆಂಡತಿ. ಕಟ್ಟಿಗೆ ಡಿಪೋದ ಬಿದಿರು ಕದ್ದೆನೆಂದು ಅವಳು ಒಪ್ಪಿಕೊಳ್ಳುವ ಕಾಗದ ಸಿದ್ಧವಾಗಿಯೇ ಇದೆ. ಬೇಕಿರುವುದು ಕೊನೆಯ ಸಾಲು ಮತ್ತು ರುಜು. ಗನಿಸಾಬರ ರುಜು ಇರುವ ಕಾಗದವನ್ನು ಕಚೇರಿಯಲ್ಲಿ ಯಾರೂ ಅನುಮಾನಿಸುವುದಿಲ್ಲ ಎಂಬುದು ಮುಕಾದಮನಿಗೆ ಚೆನ್ನಾಗಿ ಗೊತ್ತು.

ಗನಿಸಾಬರು ಕೊಂಕಣಿಯಲ್ಲಿ ನಿಧಾನವಾಗಿ ಓದಿ ಹೇಳುತ್ತಾರೆ. ಜುಲಿಯಾನಾ ಚಾಚಿದ್ದ ಕೈಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. "ಕದ್ದಿಲ್ರೀ ನಾನು. ಹೆಬ್ಬೆಟ್ಟು ಒತ್ತಿದ್ರ ಮನೀಗೆ ಬಿಡ್ತೇನಿ ಅಂದಾನ ಇಂವ" ಎಂದು ನನಗೂ ತಿಳಿಯಲೆಂದು ಕನ್ನಡದಲ್ಲೇ ಹೇಳುತ್ತಾಳೆ.

"ರುಜು ಹಾಕು ಸಾಬ. ಇಲ್ಲಾಂದ್ರ ನಾಳಿಂದ ಈ ಕಟ್ಟಿ ಮ್ಯಾಲೆ ಕುಂದ್ರಬ್ಯಾಡ," ಎನ್ನುತ್ತಾನೆ ಮುಕಾದಮ. ಅಂಗಡಿ ಗುತ್ತಿಗೆದಾರನದೇ. ಗನಿಸಾಬರು ಕಾಗದ ಮಡಚಿ ಅವನ ಕೈಗೆ ಕೊಡುತ್ತಾರೆ.

"ಆಕಿ ಒಪ್ಪಿಲ್ರೀ. ಒಪ್ಪಿದಳು ಅಂತ ಹೆಂಗ ಬರೀಲಿ?"

ಜುಲಿಯಾನಾ ಹಿಂದೆ ನೋಡದೆ ಮನೆಯ ದಾರಿ ಹಿಡಿಯುತ್ತಾಳೆ. ಮುಕಾದಮ ಬೈಯುತ್ತ ಹೋದ ಮೇಲೆ, ಚಹಾ ಕುಡಿಯುತ್ತ ನಾನು ಓದಿದ್ದನ್ನು ಹೇಳುತ್ತೇನೆ: ಯಾರನ್ನೂ ತನ್ನ ಮೇಲೆ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಕೂಡದೆಂದು ಅಮೆರಿಕದವರು ನೂರೈವತ್ತು ವರ್ಷಗಳ ಹಿಂದೆಯೇ ತಮ್ಮ ಸಂವಿಧಾನದಲ್ಲಿ ಬರೆದಿದ್ದಾರೆ, ದಿಲ್ಲಿಯಲ್ಲಿ ಈಗ ಸಿದ್ಧವಾಗುತ್ತಿರುವ ನಮ್ಮದರಲ್ಲೂ ಅಂಥ ಮಾತು ಬರಲಿದೆ.

ಗನಿಸಾಬರು ಕೇಳುತ್ತಾರೆ: "ಅಲ್ಲೆ ನಮ್ಮ ಸಿದ್ದಿಗಳಂಥ ಮಂದಿ ಅದಾರೇನ್ರಿ? ಅವರಿಗೂ ಈ ಮಾತು ನಡೀತೈತಿ?"

ಇದ್ದಾರೆ, ಅವರ ಹಿರಿಯರನ್ನೂ ಆಫ್ರಿಕಾದಿಂದಲೇ ಹಿಡಿದೊಯ್ದದ್ದು, ಎನ್ನುತ್ತೇನೆ. ಅಲ್ಲಿನ ಎಷ್ಟೋ ಊರುಗಳಲ್ಲಿ ಬಸ್ಸಿನಲ್ಲೂ ಶಾಲೆಯಲ್ಲೂ ಅವರನ್ನು ಬೇರೆಯೇ ಕೂರಿಸುತ್ತಾರೆ. ಹೊಡೆದು ತಪ್ಪೊಪ್ಪಿಸಿದ್ದೂ ಉಂಟು. ಅಂಥದೊಂದು ಮೊಕದ್ದಮೆಯಲ್ಲಿ ಅಲ್ಲಿನ ದೊಡ್ಡ ಕೋರ್ಟು ಶಿಕ್ಷೆಯನ್ನೇ ರದ್ದು ಮಾಡಿತು.

"ಹಂಗಾರ ಬರದಿಟ್ಟಿದ್ದು ಒಂದಿನ ಕೆಲಸಕ್ಕ ಬಂತು," ಎಂದು ಅವರು ಲೋಟ ಕೆಳಗಿಡುತ್ತಾರೆ.

ಮರುದಿನ ಹೋದಾಗ ಕಟ್ಟೆ ಖಾಲಿ. ಗನಿಸಾಬರ ಚಾಪೆ ಬಿಡಾಡಿ ದನಗಳನ್ನು ಕೂಡಿಹಾಕುವ ಕೊಂಡವಾಡದ ಗೋಡೆಯ ಮಗ್ಗುಲಿಗೆ ಬಂದಿದೆ. ಒಳಗಿನ ದನಗಳ ಕೂಗಿನ ನಡುವೆ ಗಟ್ಟಿಯಾಗಿ ಓದಬೇಕು. ಬಂದಿರುವವರು ಇಬ್ಬರೇ. ಗನಿಸಾಬರಿಗೆ ಬೇರೆಯೇ ಯೋಚನೆ.

"ದಿಲ್ಲಿಯವರು ಬರದು ಮುಗಿಸಿದ ಮ್ಯಾಲೆ ಕನ್ನಡದಾಗ ಒಂದು ಪ್ರತಿ ಕಳಸ್ರಿ. ಪೆದ್ರೂನ ಮನೀಗೆ ಹೋಗಿ, ಬಲವಂತದ ಸಾಕ್ಷಿ ಕೂಡದು ಅನ್ನೂ ಆ ಸಾಲು ಓದಿ ಹೇಳಬೇಕಂತ ಐತಿ. ಕ್ಷಮಾ ಮಾಡು ಅಂತ ಕೇಳಂಗಿಲ್ರಿ. ನಾ ಓದಿ ಮುಗಸೂತನಕ ಅಂವ ಎದ್ದು ಹೋಗದ ಕೂತ್ರ ಸಾಕು."