ಒದ್ದೆ ಸ್ಲೇಟಿನ ವಾಸನೆ

ಕಣ್ಣು ತಾಗುತ್ತದೆ ಎನ್ನುವವರನ್ನು ಕಂಡರೆ ನನಗೆ ಮೊದಲೆಲ್ಲ ನಗು ಬರುತ್ತಿತ್ತು. ಸಿದ್ದಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು ನಾನು. ಅಮ್ಮ ಉಪ್ಪು ಮೆಣಸು ಹಿಡಿದು ದೃಷ್ಟಿ ತೆಗೆಯಲು ಬಂದರೆ ಬೈದು ಕಳಿಸುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ.

ಚಿಕ್ಕಂದಿನಿಂದ ನನಗೆ ಮೂರ್ಛೆ ರೋಗ. ಮಾತ್ರೆಗೆ ಬಗ್ಗದೆ ಹೋದಾಗ ದೂರದ ಊರಿನ ಆಸ್ಪತ್ರೆಯಲ್ಲಿ ಮೆದುಳಿನ ಆಪರೇಷನ್ ಮಾಡಿಸಿಕೊಂಡೆ. ಪಕ್ಕದ ಹಾಸಿಗೆಯಲ್ಲಿ ಮಂಚಿಕೇರಿ ಕಡೆಯ ಸುಬ್ರಾಯ. ಅವನಿಗೂ ಅದೇ ಕಾಯಿಲೆ, ಅದೇ ಡಾಕ್ಟರು, ಅದೇ ವಾರ ಆಪರೇಷನ್. ಎಲ್ಲರಿಗೂ ಒಂದೇ ತರ ಗುಣವಾಗುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಗುಣವಾಗದವನು ನಾನೇ ಆಗುತ್ತೇನೆ ಎಂದು ಮಾತ್ರ ಅಂದುಕೊಂಡಿರಲಿಲ್ಲ.

ಸುಬ್ರಾಯನಿಗೆ ಆಮೇಲೆ ಒಂದು ಸಲವೂ ಫಿಟ್ಸ್ ಬರಲಿಲ್ಲ. ನನಗೆ ತಿಂಗಳಿಗೊಮ್ಮೆಯಾದರೂ ಬರುತ್ತಿತ್ತು. ಅವನು ಬೈಕು ಕೊಂಡ, ಮದುವೆಯೂ ನಿಶ್ಚಯವಾಯಿತು. ನನ್ನನ್ನು ಹೆಡ್‌ಮಾಸ್ತರು ಪ್ರಯೋಗಾಲಯದ ಬರ್ನರ್ ಹತ್ತಿರಕ್ಕೂ ಬಿಡುತ್ತಿರಲಿಲ್ಲ. ಫೋನಿನಲ್ಲಿ ಅವನ ದನಿ ಕೇಳಿದರೇ ಹೊಟ್ಟೆ ಉರಿಯುತ್ತಿತ್ತು. ಒಳ್ಳೆಯವನು, ವಾರಕ್ಕೊಮ್ಮೆ ತಪ್ಪದೆ ನನ್ನನ್ನು ವಿಚಾರಿಸುತ್ತಿದ್ದ. ಅದರಿಂದ ಉರಿ ಇನ್ನೂ ಹೆಚ್ಚುತ್ತಿತ್ತು.

ಎರಡು ವರ್ಷ ತುಂಬಿ ಡಾಕ್ಟರು ಅವನ ಮಾತ್ರೆ ಕಡಿಮೆ ಮಾಡಿದಾಗ ಮನೆಯಲ್ಲಿ ಸತ್ಯನಾರಾಯಣ ಕಥೆ, ಊಟ. ನಾನೂ ಹೋದೆ. ಪಂಕ್ತಿಯಲ್ಲಿ ಕೂತು ಸಾರನ್ನ ಮುಗಿಸುತ್ತಿದ್ದಾಗ ಒದ್ದೆ ಸ್ಲೇಟಿನ ವಾಸನೆ ಬಂತು. ಫಿಟ್ಸಿಗೆ ಮೊದಲು ನನಗೆ ಯಾವಾಗಲೂ ಬರುವ ವಾಸನೆ ಅದು. ಡಾಕ್ಟರಿಗೆ ಬಿಟ್ಟರೆ ಯಾರಿಗೂ ಹೇಳಿದ್ದಿಲ್ಲ. ಇನ್ನು ಅರ್ಧ ನಿಮಿಷ, ಇಷ್ಟು ಜನರೆದುರು ಎಲೆಯ ಮೇಲೆ ಬೀಳುತ್ತೇನೆ. ಸುಬ್ರಾಯ ನಗುತ್ತಾ ಪಾಯಸ ಬಡಿಸುತ್ತಾ ಬರುತ್ತಿದ್ದ. ಅವನನ್ನೇ ನೋಡಿದೆ. ಇದು ಅವನಿಗೇ ಹೋಗಲಿ ಎಂದು ಬಯಸಿದೆ. ಹಾಗೇ ಹೊಳೆದುಹೋದ ಯೋಚನೆಯಲ್ಲ, ಬೇಕೆಂದೇ, ಮನಸಾರೆ ಬಯಸಿದ್ದು.

ಅವನು ಸೌಟು ಹಿಡಿದು ನನ್ನೆದುರು ನಿಂತುಬಿಟ್ಟ. "ಎಂತದೋ ಒದ್ದೆ ಸ್ಲೇಟಿನ ವಾಸನೆ ಬತ್ತಾ ಇದ್ದಲ ಮಾರಾಯ. ನಿಂಗೆ ಬತ್ತಾ ಇಲ್ಯನ?"

"ಇಲ್ಲೆ" ಎಂದೆ.

ಅಷ್ಟರಲ್ಲಿ ನನಗೆ ನಿಜಕ್ಕೂ ಬರುತ್ತಿರಲಿಲ್ಲ. ಅವನು ತಲೆ ಕೊಡವಿಕೊಂಡು ಪಾಯಸ ಬಡಿಸಿ ಮುಂದೆ ಹೋದ. ನನಗೆ ಏನೂ ಆಗಲಿಲ್ಲ. ಎರಡು ಸಲ ಹಾಕಿಸಿಕೊಂಡು ಉಂಡೆ.

ಮೂರು ತಿಂಗಳಾದ ಮೇಲೆ ಒಂದು ವಾರ ಅವನ ಫೋನಿನಲ್ಲಿ ಬೇರೆಯೇ ಸುದ್ದಿ. ಫಿಟ್ಸ್ ಬಂದು ಬೈಕಿನಿಂದ ಬಿದ್ದಿದ್ದ. ಕೈ ಮುರಿದಿತ್ತು, ಮದುವೆ ಮುಂದೆ ಹೋಗಿತ್ತು. ಮಾತ್ರೆ ಇಳಿಸಿದಾಗ ಕೆಲವರಿಗೆ ಮತ್ತೆ ಬರುವುದುಂಟು, ಕೆಲವರಿಗೆ ತಡವಾಗಿ ನಿಲ್ಲುವುದೂ ಉಂಟು ಎನ್ನುತ್ತಾರೆ ಡಾಕ್ಟರು. ಇರಬಹುದು. ವಾರ್ಡಿನಲ್ಲಿ ನಾನು ಡಾಕ್ಟರಿಗೆ ವಾಸನೆಯ ವಿಷಯ ಹೇಳಿದ್ದು ಅವನ ಕಿವಿಗೆ ಬಿದ್ದಿರಲೂಬಹುದು. ಆದರೆ ಆ ಊಟದ ದಿನದಿಂದ ಇವತ್ತಿನವರೆಗೆ ನನಗೆ ಒಂದು ಸಲವೂ ಫಿಟ್ಸ್ ಬಂದಿಲ್ಲ.

"ನಿಂಗಾದ್ರೂ ಗುಣ ಆತಲ, ಖುಷಿ ಆತು ಮಾರಾಯ" ಎಂದ ಸುಬ್ರಾಯ, ನನಗೆ ಫಿಟ್ಸ್ ನಿಂತ ಸುದ್ದಿ ಕೇಳಿ. ದನಿಯಲ್ಲಿ ಚೂರೂ ಹೊಟ್ಟೆಕಿಚ್ಚಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಆ ದಿನ ಏನು ನಡೆಯಿತೆಂದು ನನಗೆ ಇನ್ನೂ ತಿಳಿದಿಲ್ಲ. ಅವನಿಗೆ ಎಲ್ಲ ಹೇಳಿಬಿಡೋಣ ಎಂದು ಎಷ್ಟೋ ಸಲ ಅನಿಸಿದೆ. ಹೇಳಿದರೆ ನನ್ನದು ನನಗೇ ವಾಪಸು ಬಂದೀತು ಎಂಬ ಹೆದರಿಕೆಯಿಂದ ಸುಮ್ಮನಿದ್ದೇನೆ.