ಸೊಣ್ಣಮ್ಮನ ಕಿವಿ ಕೆಳಗಿನ ಗಂಟು

ಚಿಕ್ಕಲಸಂದ್ರದ ಸೊಣ್ಣಮ್ಮನಿಗೆ ಗಂಟು ಸಿಕ್ಕಿದ್ದು ಓಲೆ ಹಾಕಿಕೊಳ್ಳುವಾಗ. ಎಡಗಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ, ಅವರೆಕಾಳಿನಷ್ಟು. ಒತ್ತಿದರೆ ನೋವಿಲ್ಲ. ನೋಯದ್ದಕ್ಕೆಲ್ಲ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆಂದು ಆಕೆ ಸುಮ್ಮನಾದಳು. ಮುಂದಿನ ಅವರೆ ಸೀಸನ್ನಿನ ಹೊತ್ತಿಗೆ ಅದು ನೆಲ್ಲಿಕಾಯಿಯಷ್ಟಾಗಿತ್ತು.

ಗಂಡ ರಾಮಯ್ಯನಿಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಎದುರು ಮನೆ ಚಿಕ್ಕಬೈರಪ್ಪನ ತಾರಸಿಯ ಮೇಲೆ ಮೊಬೈಲ್ ಟವರ್ ಇತ್ತು. ಒಂದು ಕಾಲಕ್ಕೆ ಇಬ್ಬರೂ ಅಕ್ಕಪಕ್ಕದ ಹೊಲಗಳಲ್ಲಿ ರಾಗಿ ಬೆಳೆದವರು. ಈಗ ಎದುರುಬದುರು ಬಾಡಿಗೆ ಮನೆಗಳನ್ನು ಕಟ್ಟಿಸಿ, ಬದುವಿನ ಜಗಳವನ್ನು ಪಾರ್ಕಿಂಗಿಗೆ ವರ್ಗಾಯಿಸಿಕೊಂಡಿದ್ದರು.

“ನಿನ್ನ ಟವರಿಂದ ನನ್ನ ಹೆಂಡ್ತಿಗೆ ಗಂಟು ಬಂದೈತೆ. ಕಿತ್ತಾಕು!” ರಾಮಯ್ಯ ರಸ್ತೆಯಲ್ಲಿ ನಿಂತು ಕೂಗಿದ.

“ಅದು ನನ್ನ ತಲೆ ಮೇಲೇ ಐತಲ್ಲಯ್ಯ. ನಂಗ್ಯಾಕೆ ಬಂದಿಲ್ಲ?” ಎಂದ ಚಿಕ್ಕಬೈರಪ್ಪ.

“ನಿನ್ನ ತಲೇಲಿ ಏನಾದ್ರೂ ಇದ್ರೆ ತಾನೆ ಬರೋದು?”

ಅಂದಿನಿಂದ ಮಾತು ನಿಂತಿತು. ಸೊಣ್ಣಮ್ಮ ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಲೇ ಇದ್ದಳು.

ಕೊನೆಗೆ ಮಗ ರಘು ಅವಳನ್ನು ಜಯನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದ. ಗಂಟಿಗೆ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ ಡಾಕ್ಟರ್ ಪ್ರಕೃತಿ ಇಬ್ಬರನ್ನೂ ಕೂರಿಸಿಕೊಂಡು, ಅದು ಎಂಜಲಿನ ಗ್ರಂಥಿಯ ಕ್ಯಾನ್ಸರ್, ನಿಧಾನವಾಗಿ ಬೆಳೆಯುವ ಜಾತಿಯದು, ಆಪರೇಷನ್ ಮಾಡಿ ತೆಗೆಯಬಹುದು ಎಂದರು.

“ಎಂಜಲಿಗೂ ಕ್ಯಾನ್ಸರ್ ಬರ್ತದಾ?” ಎಂದಳು ಸೊಣ್ಣಮ್ಮ.

ರಘು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. “ಎದುರುಗಡೆ ಟವರ್ ಇದೆ ಮೇಡಂ. ಅದರಿಂದನಾ?”

“ಅದರಿಂದ ಅನ್ನೋಕೆ ಗಟ್ಟಿ ಪುರಾವೆ ಇಲ್ಲ. ಅಮ್ಮ, ಚಿಕ್ಕವಯಸ್ಸಲ್ಲಿ ನಿಮ್ಮ ತಲೆಗೋ ಕತ್ತಿಗೋ ಎಕ್ಸ್‌ರೇ ಟ್ರೀಟ್‌ಮೆಂಟ್ ಏನಾದ್ರೂ ಕೊಟ್ಟಿದ್ರಾ?”

“ಕರೆಂಟ್ ಕೊಟ್ಟಿದ್ರು,” ಎಂದಳು ಸೊಣ್ಣಮ್ಮ.

ರಘು ಇದನ್ನು ಕೇಳಿದ್ದು ಅದೇ ಮೊದಲು. ಚಿಕ್ಕಂದಿನಲ್ಲಿ ಅವಳಿಗೂ ತಂಗಿ ಪಿಳ್ಳಮ್ಮನಿಗೂ ತಲೆ ತುಂಬ ಹುಳುಕಡ್ಡಿಯಾಗಿತ್ತು. ಮೇಷ್ಟ್ರು ಶಾಲೆಯಿಂದ ಹೊರಗೆ ಹಾಕಿದ್ದರು. ಅಪ್ಪ ಒಬ್ಬಳನ್ನು ಸೈಕಲ್ಲಿನ ಮುಂದೆ, ಒಬ್ಬಳನ್ನು ಹಿಂದೆ ಕೂರಿಸಿಕೊಂಡು ಪೇಟೆಯ ದೊಡ್ಡಾಸ್ಪತ್ರೆಗೆ ಹೋದ. ಅಲ್ಲಿ ತಲೆ ಅಲುಗದಂತೆ ಮರಳುಚೀಲ ಒತ್ತಿಟ್ಟು, ಗುಂಯ್ ಎನ್ನುವ ಯಂತ್ರದಡಿ ಮಲಗಿಸಿದರು. ನೋವಾಗಲಿಲ್ಲ. ಕೂದಲು ಉದುರಿತು, ಹುಳುಕಡ್ಡಿ ಹೋಯಿತು, ಕೂದಲು ಮತ್ತೆ ಬಂತು. ಅಪ್ಪ ಡಾಕ್ಟರಿಗೆ ಒಂದು ಕುಂಬಳಕಾಯಿ ಕೊಟ್ಟು ಕೈಮುಗಿದ.

“ಆಗ ಹಾಗೇ ಮಾಡ್ತಿದ್ರು. ಅಪಾಯ ಗೊತ್ತಾಗಿದ್ದು ಆಮೇಲೆ,” ಎಂದರು ಡಾಕ್ಟರ್. “ಅದರಿಂದಲೇ ಬಂತು ಅಂತ ಖಚಿತವಾಗಿ ಹೇಳೋಕಾಗಲ್ಲ. ಆದರೆ ಆಗಿರಬಹುದು.”

ವಾಪಸು ಬರುವಾಗ ಕಾರಿನಲ್ಲಿ ರಘು, “ತಾತ ಹಂಗ್ ಮಾಡಿಸ್ಬಾರ್ದಿತ್ತು,” ಎಂದ.

“ನಮ್ಮನ್ನ ಯಾರೂ ಮುಟ್ತಿರ್ಲಿಲ್ಲ ಕಣೋ. ಅಪ್ಪ ಮುಟ್ಟೋ ಹಂಗೆ ಮಾಡ್ದ.” ಬನಶಂಕರಿ ಸಿಗ್ನಲ್ಲಿನಲ್ಲಿ ಅವಳು ತಲೆಗೂದಲೊಳಗೆ ಬೆರಳಾಡಿಸುತ್ತ ಕೂತಿದ್ದಳು. ಹಸಿರು ಬಿದ್ದ ಮೇಲೆ, “ಪಿಳ್ಳಮ್ಮಂಗೆ ಫೋನ್ ಮಾಡು,” ಎಂದಳು.

ಆಪರೇಷನ್ ಆಯಿತು. ಮುಖದ ನರ ಆ ಗ್ರಂಥಿಯ ನಡುವೆಯೇ ಹಾದುಹೋಗುವುದರಿಂದ ಡಾಕ್ಟರ್ ಮಾರನೆಯ ದಿನ ಬಂದು ಪರೀಕ್ಷಿಸಿದರು. ಕಣ್ಣು ಮುಚ್ಚಿಸಿದರು. ಸೀಟಿ ಹೊಡೆಯಿರಿ ಎಂದರು.

“ನಾನೇನು ಪೋಲಿನಾ?”

“ಹಾಗಾದ್ರೆ ಸ್ವಲ್ಪ ನಗಿ ಅಮ್ಮ.”

“ಯಾಕೆ?”

ರಾಮಯ್ಯ ಮೂಲೆಯಿಂದ, “ಅವಳು ಮದುವೆ ದಿನಾನೂ ನಕ್ಕಿಲ್ಲ ಮೇಡಂ,” ಎಂದ. ಆಗ ಅವಳ ಬಾಯಿ ಬಲಕ್ಕೆ ಎಳೆಯಿತು, ಎಡಕ್ಕೆ ಅರ್ಧವೇ ಬಂತು. ಕೆಲವು ತಿಂಗಳಲ್ಲಿ ಸರಿಹೋಗುತ್ತದೆ ಎಂದರು ಡಾಕ್ಟರ್.

ತೆಗೆದ ಗಂಟಿನ ವರದಿಯೂ ಬಂತು. “ಮತ್ತೆ ಕರೆಂಟ್ ಕೊಡ್ತೀರಾ?” ಎಂದು ಸೊಣ್ಣಮ್ಮ ಮೊದಲೇ ಕೇಳಿಬಿಟ್ಟಳು. ಗಂಟು ಪೂರ್ತಿ ಹೊರಬಂದಿದೆ, ಅಂಚಿನಲ್ಲಿ ಏನೂ ಉಳಿದಿಲ್ಲ, ಕರೆಂಟ್ ಬೇಕಾಗಿಲ್ಲ ಎಂಬ ಉತ್ತರ ಕೇಳಿದ ಮೇಲೆಯೇ ಅವಳು ಸೆರಗು ಬಿಗಿಹಿಡಿದಿದ್ದ ಕೈ ಬಿಟ್ಟದ್ದು.

ಮನೆಗೆ ಬಂದ ವಾರ ಚಿಕ್ಕಬೈರಪ್ಪ ಎಳನೀರು ಹಿಡಿದು ಬಂದ. ರಾಮಯ್ಯ ಟಿವಿಯ ಕಡೆ ತಿರುಗಿಕೊಂಡ. ಟಿವಿ ಹಾಕಿರಲಿಲ್ಲ.

“ಬೈರಪ್ಪಣ್ಣ, ನಿನ್ನ ಟವರ್ ಅಲ್ವಂತೆ,” ಎಂದಳು ಸೊಣ್ಣಮ್ಮ.

“ನಿನ್ನ ಗಂಡಂಗೆ ಹೇಳಮ್ಮ.”

“ಈ ಗಂಟು ಅಲ್ಲ. ಮುಂದಿಂದು ಯಾರಿಗ್ ಗೊತ್ತು?” ಎಂದ ರಾಮಯ್ಯ, ಮತ್ತು ಕಾಲಿನಿಂದ ಒಂದು ಕುರ್ಚಿಯನ್ನು ಅವನತ್ತ ತಳ್ಳಿದ.

ಹುಳಿಮಾವಿನಲ್ಲಿದ್ದ ಪಿಳ್ಳಮ್ಮ ಫೋನಿಗೆ ಬಗ್ಗಿರಲಿಲ್ಲ. ತನಗೇನೂ ಆಗಿಲ್ಲ ಎಂಬುದೇ ಅವಳ ವಾದ. “ನಂಗೂ ಏನೂ ಆಗಿರ್ಲಿಲ್ಲ,” ಎಂದು ಸೊಣ್ಣಮ್ಮ ಬ್ಯಾಂಡೇಜಿನಲ್ಲೇ ಹೋಗಿ ಅವಳನ್ನು ಆಟೋದಲ್ಲಿ ಹಾಕಿಕೊಂಡು ಅದೇ ಆಸ್ಪತ್ರೆಗೆ ಬಂದಳು. ಥೈರಾಯ್ಡಿನಲ್ಲಿ ಸಣ್ಣ ಗಂಟೊಂದು ಕಂಡಿತು. ಪರೀಕ್ಷಿಸಿ, ಸದ್ಯಕ್ಕೆ ಭಯವಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ಹೊರಗೆ ಬಂದ ಪಿಳ್ಳಮ್ಮ ಅಕ್ಕನ ಕೈ ಹಿಡಿದವಳು ಆಟೋ ಹತ್ತುವವರೆಗೂ ಬಿಡಲಿಲ್ಲ.

ಬೇಸಿಗೆಯಲ್ಲಿ ತಂಗಿಯ ಮನೆಯಲ್ಲಿ ಊಟಕ್ಕೆ ಕೂತಿದ್ದಾಗ ಸೊಣ್ಣಮ್ಮನ ಎಡಗೆನ್ನೆಯಿಂದ ನೀರಿಳಿಯತೊಡಗಿತು.

“ಯಾಕಕ್ಕ ಅಳ್ತಿದೀಯ?” ಪಿಳ್ಳಮ್ಮ ಗಾಬರಿಯಾದಳು.

“ಅಳ್ತಿಲ್ಲ ಕಣೆ. ಕೆನ್ನೆ ಬೆವರ್ತೈತೆ. ಎಂಜಲಿನ ನರ ದಾರಿ ತಪ್ಪಿ ಬೆವರಿನ ಮನೆಗೆ ಹೋಗಿ ಸೇರ್ಕೊಂಡೈತಂತೆ. ಆಪರೇಷನ್ ಆದೋರಿಗೆ ಉಣ್ಣೋವಾಗ ಹಿಂಗಾಗ್ತದಂತೆ.” ಸೊಣ್ಣಮ್ಮ ಸೆರಗಿನಿಂದ ಕೆನ್ನೆ ಒರೆಸಿಕೊಂಡು ತಟ್ಟೆ ಮುಂದಕ್ಕೆ ಚಾಚಿದಳು. “ಉಪ್ಪಿನಕಾಯಿ ಇನ್ನೊಂದು ಚೂರು ಹಾಕು.”