ಯಾರೂ ಮುರಿಯದ ಕೋಳಿ

ಕೋಳಿ ಒಳಗೆ ಬೆಂದಿದೆಯೋ ಇಲ್ಲವೋ ಎಂಬ ಚಿಂತೆ ಆ ಭಾನುವಾರ ಮಧ್ಯಾಹ್ನದಿಂದ ಯಾಸ್ಮೀನಳ ಬೆನ್ನು ಬಿಟ್ಟಿರಲಿಲ್ಲ. ಹೊರಗೇನೋ ಬಣ್ಣ ಬಂದಿತ್ತು, ಘಮ ಬೀದಿಯವರೆಗೂ ಹೋಗಿತ್ತು. ಆದರೆ ತುಂಡು ಮಾಡಿದ ಕೋಳಿಯ ಹಾಗಲ್ಲ ಇಡೀ ಕೋಳಿ. ತುಂಡಾದರೆ ಒಂದನ್ನು ಸೌಟಿನಲ್ಲೆತ್ತಿ ಹಿಸುಕಿ ನೋಡಬಹುದು. ಇದು ಕಾಲು ಮಡಚಿಕೊಂಡು ದೇಗ್ಚಿಯಲ್ಲಿ ಕೂತುಬಿಟ್ಟಿದೆ. ತೊಡೆಯ ಬುಡದಲ್ಲಿ, ಮೂಳೆಯ ಪಕ್ಕದಲ್ಲಿ ಕೆಂಪು ಉಳಿದಿದ್ದರೆ ಮುರಿಯುವ ತನಕ ಯಾರಿಗೆ ಗೊತ್ತಾಗಬೇಕು?

ಮುರಿದು ನೋಡುವ ಹಾಗೂ ಇರಲಿಲ್ಲ. ಮೈದುನ ಜೀಶಾನ್ ಮದುವೆಯಾದ ಮೇಲೆ ಮೊದಲ ಸಲ ಹೆಂಡತಿಯನ್ನು ಕರೆದುಕೊಂಡು ಅಣ್ಣನ ಮನೆಗೆ ದಾವತ್ತಿಗೆ ಬರುವವನಿದ್ದ. ಗಂಡನ ಕಡೆಯವರಲ್ಲಿ ಹೊಸ ಸೊಸೆಗೆ ಮೊದಲ ದಾವತ್ ಅಂದರೆ ಇಡೀ ಕೋಳಿಯೇ ಆಗಬೇಕು. ಅದನ್ನು ಇಡಿಯಾಗಿ ಊಟಕ್ಕೆ ಹಾಸಿದ ದಸ್ತರ್‌ಖಾನಿನ ನಡುವೆ ತಂದಿಡಬೇಕು. ಹೊಸ ಸೊಸೆಯ ತಟ್ಟೆಯಲ್ಲಿ ನೆತ್ತರು ಕಂಡರೆ ಆ ಮಾತು ಕುಣಿಗಲ್ಲಿನ ಅವಳ ತವರುಮನೆಗೆ ಮೊದಲ ಬಸ್ಸಿಗೇ ಹೋಗಿ ಇಳಿಯುತ್ತದೆ.

ಯಾಸ್ಮೀನ್ ಹುಟ್ಟಿ ಬೆಳೆದಿದ್ದು ತುಮಕೂರಿನಲ್ಲೇ. ಅಪ್ಪ ದರ್ಜಿ. ಒಬ್ಬಳೇ ಮಗಳೆಂದು ಪಿಯುಸಿವರೆಗೂ ಓದಿಸಿದ್ದರು, ಅದೂ ವಿಜ್ಞಾನ ಕೊಡಿಸಿ. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಸೂಕ್ಷ್ಮದರ್ಶಕದ ಕೆಳಗೆ ಒಂದು ಹನಿ ಕೆರೆನೀರು ನೋಡಿದ ದಿನದಿಂದ ಅವಳಿಗೆ ನೀರನ್ನು ನೀರೆಂದು ಕುಡಿಯಲು ಆಗಿರಲಿಲ್ಲ. ಮಗಳು ಅರ್ಜೂ ಹುಟ್ಟಿದ ಮೇಲಂತೂ ಕೇಳುವುದೇ ಬೇಡ. ಹಾಲು ಮೂರು ಉಕ್ಕು, ನೀರು ಹತ್ತು ನಿಮಿಷ, ಚಮಚ ಕುದಿಯುವ ಪಾತ್ರೆಗೆ. ಮಗುವಿನ ಹಣೆ ಮುಟ್ಟಿ ನೋಡುವುದು, ಆಮೇಲೆ ತನ್ನ ಹಣೆ ಮುಟ್ಟಿ ನೋಡಿಕೊಳ್ಳುವುದು, ಯಾವುದು ಬಿಸಿ ಎಂದು ಗಂಡನನ್ನು ಕೇಳುವುದು. ಗಂಡ ಮುನಾವರ್ ಪಾಷಾ ಊರಂಚಿನ ಸತ್ಯಮಂಗಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ನಡೆಸುವವನು. ಕಬ್ಬಿಣವನ್ನು ಕೂದಲೆಳೆಯಷ್ಟು ಕೆತ್ತುವ ತಾಳ್ಮೆ ಅವನದು. ಅದರಲ್ಲಿ ಅರ್ಧ ಮನೆಯಲ್ಲೇ ಖರ್ಚಾಗುತ್ತಿತ್ತು.

"ಇನ್ನೊಂದ್ ಸಲ ಮುಚ್ಚಳ ತೆಗೆದ್ರೆ ಕೋಳಿ ಎದ್ದು ಓಡೋಗುತ್ತೆ ಕಣೇ," ಎಂದ ಅವನು, ಅಡುಗೆಮನೆಯ ಬಾಗಿಲಿಗೆ ಒರಗಿ.

"ಒಳಗೆ ಬೆಂದಿಲ್ಲ ಅಂದ್ರೆ?"

"ನೀನು ಹಿಂಗೆ ತೆಗೆದು ತೆಗೆದು ನೋಡ್ತಿದ್ರೆ ಬೇಯೋದಾದ್ರೂ ಹೆಂಗೆ? ಉಗಿಯೆಲ್ಲ ನಿನ್ ಮುಖಕ್ಕೇ ಹೋಗ್ತಾ ಐತೆ."

ಅವನು ಹೇಳಿದ್ದು ಸುಳ್ಳಲ್ಲ. ಬೆಳಿಗ್ಗೆ ಅಂಗಡಿಯವನು ಕೈಯ ರೂಢಿಯಲ್ಲಿ ಕತ್ತಿ ಎತ್ತಿದಾಗ ಮುನಾವರ್ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿ, ಚರ್ಮ ಮಾತ್ರ ಸುಲಿಸಿ ಇಡಿಯಾಗಿ ತಂದಿದ್ದ. ಯಾಸ್ಮೀನ್ ಅದನ್ನು ಅರಿಸಿನ ನೀರಿನಲ್ಲಿ ತೊಳೆದು, ಮತ್ತೆ ತೊಳೆದು, ಮೈತುಂಬ ಚಾಕುವಿನಲ್ಲಿ ಗೀರಿ, ಮೊಸರು, ಶುಂಠಿ ಬೆಳ್ಳುಳ್ಳಿ, ಖಾರದಪುಡಿ, ನಿಂಬೆರಸ ಮೆತ್ತಿ ನೆನೆಯಿಟ್ಟಿದ್ದಳು. ಹೊಟ್ಟೆಯೊಳಗೆ ಬೇಯಿಸಿದ ಮೊಟ್ಟೆ, ಹುರಿದ ಈರುಳ್ಳಿ, ಗೋಡಂಬಿ ತುಂಬಿ, ಕಾಲುಗಳನ್ನು ಅಪ್ಪನ ಅಂಗಡಿಯ ಬಿಳಿ ದಾರದಲ್ಲಿ ಕಟ್ಟಿದ್ದಳು. ದೇಗ್ಚಿಯ ಬಾಯಿಗೆ ಗೋಧಿಹಿಟ್ಟಿನ ಕಣಕ ಮೆತ್ತಿ, ಮುಚ್ಚಳದ ಮೇಲೆ ಕೆಂಡ ಹರಡಿ, ಕೆಳಗೆ ಸಣ್ಣ ಉರಿ ಇಟ್ಟಿದ್ದಳು. ಅತ್ತೆ ಮಸ್ತಾನ್ ಬೀ ಗುಬ್ಬಿಯಲ್ಲಿ ಮಾಡುವುದೂ ಹೀಗೇ. ಅತ್ತೆ ಕಣಕ ಮೆತ್ತಿದರೆ ಮತ್ತೆ ತೆಗೆಯುತ್ತಿದ್ದುದು ಊಟದ ಹೊತ್ತಿಗೆ. ಯಾಸ್ಮೀನ್ ಮೆತ್ತುವುದು, ಕೀಳುವುದು, ಮತ್ತೆ ಮೆತ್ತುವುದು.

ಅತ್ತೆಯ ನೆನಪು ಬಂದಾಗಲೆಲ್ಲ ಅವಳ ಕಣ್ಣು ನಡುಮನೆಯ ಗೂಡಿನಲ್ಲಿದ್ದ ಫೋನಿನ ಕಡೆ ಹೋಗುತ್ತಿತ್ತು. ತೊಂಬತ್ತೆಂಟರ ಆ ಬೇಸಿಗೆಯಲ್ಲಷ್ಟೇ ಬಂದ ಫೋನು. ಗುಬ್ಬಿಯ ಮನೆಗೆ ಇನ್ನೂ ಬಂದಿರಲಿಲ್ಲ. ಪಕ್ಕದ ಮನೆಯ ನಿಂಗಮ್ಮನ ನಂಬರಿಗೆ ಮಾಡಿದರೆ ಆಕೆ ಹಿತ್ತಿಲ ಗೋಡೆಯ ಮೇಲಿಂದ ಕೂಗಿ ಕರೆಯುತ್ತಿದ್ದಳು. ವಾರವಿಡೀ ಯಾಸ್ಮೀನ್ ರಿಸೀವರ್ ಎತ್ತಿದ್ದಳು, ಇಟ್ಟಿದ್ದಳು. ಬೆಳಿಗ್ಗೆ ಎತ್ತಿದರೆ ಅತ್ತೆ ಬಳೆ ಅಂಗಡಿ ತೆಗೆಯುವ ಹೊತ್ತು. ಮಧ್ಯಾಹ್ನ ಎತ್ತಿದರೆ ನಿಂಗಮ್ಮ ಮಲಗಿರುತ್ತಾಳೆ. ಸಂಜೆ ಎತ್ತಿದರೆ ಏನು ಹೇಳಬೇಕೆಂದು ತೋಚದು.

ನಡೆದದ್ದು ಇಷ್ಟೇ. ಹೋದ ರಂಜಾನ್ ಹಬ್ಬಕ್ಕೆ ಗುಬ್ಬಿಗೆ ಹೋಗಿದ್ದಾಗ ಮಸ್ತಾನ್ ಬೀ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾಂಸದ ಚೂರನ್ನು ತಾವು ಅಗಿದು, ಮೆತ್ತಗೆ ಮಾಡಿ, ಅವಳ ಬಾಯಿಗಿಟ್ಟರು. ಊಟವೆಂದರೆ ಓಡುವ ಅರ್ಜೂ ಅವತ್ತು ಹಕ್ಕಿಮರಿಯ ಹಾಗೆ ಬಾಯಿ ತೆರೆಯುತ್ತಿದ್ದಳು. ಯಾಸ್ಮೀನ್ ಎದ್ದು ಬಂದವಳೇ ಮಗುವಿನ ಬಾಯಿಗೆ ಬೆರಳು ಹಾಕಿ ಅದನ್ನು ತೆಗೆದು, ನಲ್ಲಿಯ ಹತ್ತಿರ ಒಯ್ದು ಬಾಯಿ ತೊಳೆಸಿದಳು. ಒಂದು ಮಾತೂ ಆಡಲಿಲ್ಲ. ಮಸ್ತಾನ್ ಬೀ ಕೂಡ ಆಡಲಿಲ್ಲ. ಅರ್ಧ ತಟ್ಟೆಯಲ್ಲೇ ಕೈ ತೊಳೆದುಕೊಂಡರು. ಅಂದಿನಿಂದ ಅವರು ಈ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಜೀಶಾನನ ಮದುವೆಯಲ್ಲೂ ಅರ್ಜೂ ಬಂದು ಸೆರಗು ಹಿಡಿದರೆ ಬರೀ ತಲೆ ಸವರಿ, "ಹೋಗು, ಅಮ್ಮನ ಹತ್ರ ಹೋಗು," ಎನ್ನುತ್ತಿದ್ದರು.

ಹಾಗೆಂದು ತನ್ನದು ತಪ್ಪೆಂದು ಯಾಸ್ಮೀನಳಿಗೆ ಈಗಲೂ ಅನ್ನಿಸಿರಲಿಲ್ಲ. ಎಂಜಲು ಎಂಜಲೇ. ಆದರೆ ಮಗಳಿಗೆ ಪ್ರತಿ ತುತ್ತನ್ನೂ ಅಂಗಲಾಚಿ ಉಣಿಸುವಾಗ ಅಂದಿನ ಆ ತೆರೆದ ಬಾಯಿ ನೆನಪಾಗುತ್ತಿತ್ತು.

ಸಂಜೆಯ ಮಗ್ರಿಬ್ ನಮಾಜು ಮುಗಿಯುವ ಹೊತ್ತಿಗೆ ಗುಬ್ಬಿಯಿಂದ ಬಂದ ಸ್ಕೂಟರ್ ಬಾಗಿಲಲ್ಲಿ ನಿಂತಿತು. ಜೀಶಾನ್ ಇಳಿದ, ಹಿಂದಿನಿಂದ ಅವನ ಹೆಂಡತಿ ಫಮೀದಾ ಇಳಿದಳು. ಯಾಸ್ಮೀನ್ ಅತ್ತೆಗಾಗಿ ಅವರ ಹಿಂದೆ ನೋಡಿದಳು. ಬೀದಿ ಖಾಲಿ ಇತ್ತು.

"ಅಮ್ಮಿ ಬಸ್ಸಲ್ಲಿ ಬರ್ತಾ ಇದಾರಾ?"

ಜೀಶಾನ್ ಚಪ್ಪಲಿ ಬಿಡುವುದರಲ್ಲೇ ಮಗ್ನನಾದ. "ಇಲ್ಲ ಭಾಭಿ. ಬರಲ್ಲ ಅಂದ್ರು."

"ಯಾಕೆ?"

"ಕರೆದಿಲ್ಲ ಅಂದ್ರು."

ಯಾಸ್ಮೀನ್ ಗಂಡನನ್ನು ಅಡುಗೆಮನೆಗೆ ಕರೆದಳು. "ನೀವು ಹೇಳಿರ್ತೀರ ಅನ್ಕೊಂಡಿದ್ದೆ. ಬುಧವಾರ ಗುಬ್ಬಿಗೆ ಹೋಗಿದ್ರಲ್ಲ."

"ಹೇಳ್ದೆ. ಭಾನುವಾರ ಜೀಶಾನ್‌ಗೆ ದಾವತ್ ಐತೆ ಅಂತ ಹೇಳ್ದೆ."

"ಮತ್ತೆ?"

"ಮತ್ತೇನು? ದಾವತ್ ಹೇಳೋದು ಮನೆ ಹೆಂಗಸು. ನಮ್ಮ ಕಡೆ ಹಂಗೇ. ನಾನು ಹೇಳಿದ್ರೆ ಅದು ಸುದ್ದಿ ಆಗುತ್ತೆ, ದಾವತ್ ಆಗಲ್ಲ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. "ನೀನು ಮಾಡಿರ್ತೀಯ ಅಂತ ನಾನ್ ಅನ್ಕೊಂಡಿದ್ದೆ. ದಿನಾ ಫೋನ್ ಎತ್ತೋದ್ ನೋಡ್ತಿದ್ನಲ್ಲ."

ಆಮೇಲೆ ಮಾಡಲು ಉಳಿದದ್ದು ಬಡಿಸುವ ಕೆಲಸ ಮಾತ್ರ. ಚಾಪೆಯ ಮೇಲೆ ದಸ್ತರ್‌ಖಾನ್ ಹಾಸಿದಳು. ತುಪ್ಪದನ್ನ, ಬೇಳೆಯ ದಾಲ್ಚಾ, ಸೌತೆಕಾಯಿ. ನಡುವೆ ದೊಡ್ಡ ತಟ್ಟೆಯಲ್ಲಿ ಕೋಳಿ. ಕೆಂಪಗೆ ಹೊಳೆಯುತ್ತಿತ್ತು, ಎದೆಯ ಮೇಲೆ ಈರುಳ್ಳಿಯ ಎಸಳು. ಫಮೀದಾ ಸೆರಗು ಸರಿಮಾಡಿಕೊಂಡು, "ನಮ್ಮ ಮನೇಲಿ ಯಾವತ್ತೂ ಇಡೀದು ಮಾಡಿಲ್ಲ ಆಪಾ. ಕೂತಿರೋ ಹಂಗೇ ಐತೆ," ಎಂದಳು.

"ತಗೊಳ್ಳಿ," ಎಂದಳು ಯಾಸ್ಮೀನ್.

ಯಾರೂ ತೆಗೆದುಕೊಳ್ಳಲಿಲ್ಲ.

ಈ ಮನೆತನದಲ್ಲಿ ಇಡೀ ಕೋಳಿಯನ್ನು ಮೊದಲು ಮುರಿಯುವುದು ಹಿರಿಯರ ಕೈ. ಬಿಸ್ಮಿಲ್ಲಾ ಹೇಳಿ ಬಲಗಾಲು ಮುರಿದು, ಅಲ್ಲಿ ಕೂತವರಲ್ಲಿ ಎಲ್ಲರಿಗಿಂತ ಚಿಕ್ಕವರಿಗೆ ಕೊಡಬೇಕು. ಆಮೇಲೆ ಉಳಿದವರ ಕೈ. ಮಾವ ಇರುವ ತನಕ ಮಾವ, ಆಮೇಲೆ ಅಮ್ಮಿ. ಯಾವ ಕಿತಾಬಿನಲ್ಲೂ ಬರೆದದ್ದಲ್ಲ. ಯಾಸ್ಮೀನ್ ಅದನ್ನು ಗುಬ್ಬಿಯಲ್ಲಿ ಎಷ್ಟೋ ಸಲ ನೋಡಿದ್ದಳು. ಕೋಳಿಯ ಬೇಯುವಿಕೆಯನ್ನೇ ಜಪಿಸುತ್ತ ಕೂತವಳಿಗೆ ಮುರಿಯುವವರು ಯಾರೆಂಬುದು ಹೊಳೆದೇ ಇರಲಿಲ್ಲ.

"ಭಾಯಿ, ನೀನೇ ಹಿರಿಯ ಇಲ್ಲಿ. ಮುರಿ," ಎಂದ ಜೀಶಾನ್.

"ಅಮ್ಮಿ ಇದಾರೆ ಕಣೋ. ಇಲ್ಲದವ್ರ ತರ ನಾನ್ ಹೆಂಗೆ ಮುರೀಲಿ?"

"ಹಂಗಾದ್ರೆ ಇದನ್ನ ನೋಡ್ಕೊಂಡೇ ಅನ್ನ ತಿನ್ನೋದಾ?"

"ತಿನ್ನು. ದಾಲ್ಚಾ ಐತಲ್ಲ."

ನಗಬೇಕಾದ ಮಾತು. ಯಾರೂ ನಗಲಿಲ್ಲ. ಅರ್ಜೂ ಕೋಳಿಯ ಕಾಲಿಗೆ ಕಟ್ಟಿದ ದಾರವನ್ನು ಎಳೆಯಲು ಹೋದಳು. ಮುನಾವರ್ ಅವಳ ಕೈ ಹಿಡಿದುಕೊಂಡ. ಹೊಸಬಳಾದ ಫಮೀದಾಳಿಗೆ ಮನೆಯೊಳಗಿನ ಗಂಟುಗಳು ಗೊತ್ತಿರಲಿಲ್ಲ. ಅವಳು ಸುಮ್ಮನೆ ಕಂಡದ್ದನ್ನು ಹೇಳಿದಳು: "ಅತ್ತೆ ಮಧ್ಯಾಹ್ನ ಹಸಿರು ಸೀರೆ ತೆಗೆದು ಇಸ್ತ್ರಿ ಮಾಡಿಸಿ ಇಟ್ಟಿದ್ರು ಆಪಾ. ನಿಂಗಮ್ಮನ ಮನೇಲಿ ಫೋನ್ ಬಂದಾಗೆಲ್ಲ ಹಿತ್ಲಿಗೆ ಹೋಗಿ ನಿಲ್ತಿದ್ರು. ಆಮೇಲೆ ನಾವು ಹೊರಡುವಾಗ ಮಡಚಿ ಒಳಗಿಟ್ರು."

ಯಾಸ್ಮೀನ್ ಕೈಯಲ್ಲಿದ್ದ ಸೌಟನ್ನು ಅನ್ನದ ಪಾತ್ರೆಯಲ್ಲೇ ಬಿಟ್ಟು ಎದ್ದಳು. ಇದುವರೆಗೆ ಅವಳು ಅತ್ತೆಯ ಕೋಪವನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಳು. ಅವರೂ ಕಾಯುತ್ತಿರಬಹುದು, ಫೋನಿನ ಆ ತುದಿಯಲ್ಲೂ ಒಬ್ಬ ಹೆಂಗಸು ತನ್ನ ಹಾಗೇ ಒದ್ದಾಡುತ್ತಿರಬಹುದು ಎಂದು ಎಣಿಸಿರಲಿಲ್ಲ. ಗೂಡಿನ ಹತ್ತಿರ ಹೋಗಿ, ಗೋಡೆಗೆ ಮುಖ ಮಾಡಿ ನಂಬರ್ ಒತ್ತಿದಳು.

"ಅಲೋ, ಯಾರು?" ನಿಂಗಮ್ಮನ ದನಿ.

"ಅವ್ವಾ, ನಾನು ಯಾಸ್ಮೀನ್. ತುಮಕೂರಿಂದ."

"ಏನವ್ವಾ, ಫೋನ್ ಬಂದ್ ಮ್ಯಾಲೆ ನಮ್ಮ ನಂಬರ್ ಮರ್ತೇ ಹೋಯ್ತಾ? ಇರು ಇರು, ಇಲ್ಲೇ ಹಿತ್ಲಾಗೆ ಕುಂತವ್ಳೆ. ಮಸ್ತಾನವ್ವಾ, ಏಯ್ ಮಸ್ತಾನವ್ವಾ, ನಿನ್ ಸೊಸೆ ಕಣಮ್ಮಿ."

ಬಳೆಗಳ ಸದ್ದು ಹತ್ತಿರ ಬಂತು. ರಿಸೀವರ್ ಕೈ ಬದಲಾಯಿತು.

"ಹೇಳು," ಎಂದರು ಮಸ್ತಾನ್ ಬೀ.

ವಾರದಿಂದ ಕಟ್ಟಿಟ್ಟುಕೊಂಡ ಮಾತುಗಳಲ್ಲಿ ಒಂದೂ ನೆರವಿಗೆ ಬರಲಿಲ್ಲ. "ಅಮ್ಮಿ, ಊಟಕ್ಕೆ ಬನ್ನಿ," ಎಂದಳು ಯಾಸ್ಮೀನ್. "ನಾನು ಕರೀತಾ ಇದೀನಿ. ಮುಂಚೇನೇ ಕರೀಬೇಕಿತ್ತು."

ಆ ಕಡೆ ನಿಂಗಮ್ಮ ಯಾರಿಗೋ ಟೀವಿ ಸಣ್ಣಗೆ ಮಾಡಲು ಹೇಳುತ್ತಿದ್ದಳು.

"ಅವ್ರೆಲ್ಲ ಉಂಡಿರ್ಬೇಕಲ್ಲ ಇಷ್ಟ್ ಹೊತ್ಗೆ."

"ಇಲ್ಲ. ಕೋಳಿ ಹಂಗೇ ಐತೆ. ಯಾರೂ ಮುಟ್ಟಿಲ್ಲ."

"ಯಾಕೆ, ಮುನಾವರ್‌ಗೆ ಕೈಯಿಲ್ವಾ?"

"ಐತೆ. ನೀವಿದೀರಲ್ಲ ಅಂತಾರೆ."

ಈಗ ಹೇಳದಿದ್ದರೆ ಇನ್ನು ಹೇಳಲಾರೆ ಅನ್ನಿಸಿತು ಯಾಸ್ಮೀನಳಿಗೆ. ರಿಸೀವರನ್ನು ಬಾಯಿಗೆ ಹತ್ತಿರ ಹಿಡಿದು, ಹಿಂದಿದ್ದವರಿಗೆ ಕೇಳಿಸದಷ್ಟು ಸಣ್ಣಗೆ, "ಅರ್ಜೂಗೆ ನಿಮ್ಮ ಕೈಯಲ್ಲೇ ತಿನ್ಸಿ ಅಮ್ಮಿ. ನನ್ನ ಹತ್ರ ತಿನ್ನಲ್ಲ ಅವ್ಳು. ಬೆರಳಲ್ಲಿ ಹಿಸುಕಿ ಕೊಡಿ. ಅಗಿದು ಮಾತ್ರ ಬೇಡ. ನನಗೆ ಭಯ ಆಗುತ್ತೆ," ಎಂದಳು.

"ಇದನ್ನ ಅವತ್ತೇ ಬಾಯ್ಬಿಟ್ಟು ಹೇಳಿದ್ರೆ ನಾನೇನ್ ನಿನ್ನ ನುಂಗ್ತಿದ್ನಾ?" ಮಸ್ತಾನ್ ಬೀಯ ದನಿ ಎಂದಿನ ಗದರಿಕೆಗೆ ಬಂತು. "ಕೋಳೀನ ದೇಗ್ಚಿಗೆ ಹಾಕಿ ಮುಚ್ಚಿಡು, ಗಾಳಿಗೆ ಒಣಗೋಗುತ್ತೆ. ಹೊಸ ಹುಡುಗಿ ಹಸ್ಕೊಂಡಿರ್ತಾಳೆ, ಅವಳ ಕೈಗೆ ಏನಾದ್ರೂ ಕೊಡು."

"ಜೀಶಾನ್‌ನ ಸ್ಕೂಟರಲ್ಲಿ ಕಳಿಸ್ತೀನಿ ಅಮ್ಮಿ."

"ಅವನ ಸ್ಕೂಟರಲ್ಲಿ ನಾನ್ ಕೂರಲ್ಲ. ಕೋರ್ಟು ಕಚೇರಿಗೆ ಹೊತ್ತಾದವ್ನಂಗೆ ಓಡಿಸ್ತಾನೆ. ಬಸ್ ಐತೆ." ಆಮೇಲೆ ಸೇರಿಸಿದರು, "ಇಡು ಮತ್ತೆ ಫೋನು. ಸೀರೆ ಉಟ್ಕೋಬೇಕು ನಾನು."